‘ಕರೆಂಟ್ ಕೊಡ್ತಾರಂತೆ’ ಅಂತ ಬೆಚ್ಚಿಬೀಳುವ ಮುನ್ನ...

ಒದ್ದೆ ಕೈಯಲ್ಲಿ ಮಿಕ್ಸಿಯ ಸ್ವಿಚ್ ಮುಟ್ಟಿ ಒಮ್ಮೆ ಶಾಕ್ ಹೊಡೆಸಿಕೊಂಡವರಿಗೆ ಕರೆಂಟ್ ಅಂದ್ರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಮೊಣಕೈವರೆಗೆ ಜುಮ್ಮೆನ್ನುವ ಆ ಕ್ಷಣ ಜನ್ಮಪೂರ್ತಿ ನೆನಪಿರುತ್ತೆ. ಮಗು ಪ್ಲಗ್ ಹತ್ತಿರ ಹೋದ್ರೆ ಸಾಕು, ಒಲೆ ಮೇಲಿನ ಹಾಲು ಉಕ್ಕಿದರೂ ಚಿಂತೆಯಿಲ್ಲ ಅಂತ ಓಡ್ತೀವಿ. ಅಂಥದ್ದರಲ್ಲಿ ಡಾಕ್ಟರೊಬ್ಬರು ಎದುರು ಕೂತು, ‘ನಿಮ್ಮ ಅಕ್ಕನಿಗೆ ಶಾಕ್ ಟ್ರೀಟ್‌ಮೆಂಟ್ ಕೊಡಬೇಕಾಗಬಹುದು’ ಅಂದ್ರೆ ಹೇಗಾಗಬೇಡ ಹೇಳಿ?

2019ರ ಮಳೆಗಾಲದಲ್ಲಿ ನಮಗೆ ಆಗಿದ್ದೂ ಅದೇ. ಭಾವ ತಲೆ ತಗ್ಗಿಸಿ ಕೂತರು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಿ.ಎ. ಓದಿದವಳು, ಪತ್ರಿಕೆಗೆ ನಾಲ್ಕಕ್ಷರ ಬರೆಯೋಳು ಅಂತ ಮನೆಯಲ್ಲಿ ನನಗೆ ಸ್ವಲ್ಪ ಮರ್ಯಾದೆ ಜಾಸ್ತಿ. ಹಾಗಾಗಿ ಎಲ್ಲರಿಗಿಂತ ಮೊದಲು ನಾನೇ ಬಾಯಿ ಹಾಕಿದೆ. ‘ಅವಳಿಗೇನೂ ಹುಚ್ಚು ಹಿಡಿದಿಲ್ಲ ಸಾರ್. ಬೇರೆ ಮಾತ್ರೆ ಇದ್ರೆ ಬರೆದುಕೊಡಿ’ ಅಂದೆ. ಹೊರಗೆ ಕಾಯುತ್ತಿದ್ದ ರೋಗಿಗಳ ಸಾಲು ಉದ್ದವಿತ್ತು. ಆ ಡಾಕ್ಟರೂ ಹೆಚ್ಚು ವಿವರಿಸದೆ ಚೀಟಿ ಬರೆದುಕೊಟ್ಟರು. ಅಕ್ಕನ ಕೈ ಹಿಡಿದು ಕರ್ಕೊಂಡು ಬಂದ್ವಿ. ದೊಡ್ಡ ಗಂಡಾಂತರದಿಂದ ಅವಳನ್ನು ಕಾಪಾಡಿದೆ ಅಂತ ದಾರಿಯುದ್ದಕ್ಕೂ ನನಗೆ ಹೆಮ್ಮೆ!

ಆ ಹೆಮ್ಮೆಗೆ ಅಕ್ಕ ಮೂರು ತಿಂಗಳ ನರಕ ಅನುಭವಿಸಿದಳು. ಇನ್ನು ಸ್ವಲ್ಪದರಲ್ಲಿ ಅವಳನ್ನೇ ಕಳಕೊಳ್ಳಬೇಕಿತ್ತು. ಅದಕ್ಕೇ ಇದನ್ನು ಬರೀತಿದ್ದೀನಿ. ಅವಳ ಒಪ್ಪಿಗೆ ಕೇಳಿಯೇ ಬರೀತಿದ್ದೀನಿ. ಹೆಸರು, ಊರು ಹಾಕಬೇಡ ಅಂದಿದ್ದಾಳೆ, ಅಷ್ಟೇ.

ಬೇಜಾರು ಬೇರೆ, ಈ ಕಾಯಿಲೆ ಬೇರೆ

ನಮಗೆಲ್ಲ ಬೇಜಾರಾಗುತ್ತೆ. ಗಂಡನ ಜೊತೆ ಮಾತಿಗೆ ಮಾತು ಬೆಳೆದಾಗ, ಮಗನ ಮಾರ್ಕ್ಸ್ ಕಡಿಮೆಯಾದಾಗ, ತವರಿಗೆ ಹೋಗೋಕೆ ಆಗದಿದ್ದಾಗ ಎರಡು ದಿನ ಮುಖ ಊದಿಸಿಕೊಂಡಿರ್ತೀವಿ. ಮೂರನೇ ದಿನ ಪಕ್ಕದ ಮನೆಯವರ ಜೊತೆ ಹರಟಿದ್ರೆ ಹಗುರವಾಗುತ್ತೆ. ಖಿನ್ನತೆ ಅಂದ್ರೆ ಇದಲ್ಲ.

ಅಕ್ಕನಿಗೆ ಆಗ ಮೂವತ್ತೆಂಟು. ಬೆಳಗ್ಗೆ ನಾಲ್ಕಕ್ಕೇ ಎಚ್ಚರ. ಎದ್ದರೆ ಮಂಚದ ಅಂಚಿನಲ್ಲಿ ಗೋಡೆ ನೋಡ್ತಾ ಕೂತುಬಿಡೋಳು. ಸ್ನಾನಕ್ಕೆ ಹೋಗು ಅಂತ ಹತ್ತು ಸಲ ಹೇಳಬೇಕು. ಊಟ ಎರಡು ತುತ್ತು. ಮಗಳು ಸ್ಕೂಲಿನಿಂದ ಬಂದು ‘ಅಮ್ಮಾ’ ಅಂತ ತಬ್ಬಿಕೊಂಡ್ರೆ ಮರದ ಬೊಂಬೆ ಹಾಗೆ ನಿಂತಿರೋಳು. ಕಣ್ಣಲ್ಲಿ ನೀರೂ ಬರ್ತಿರಲಿಲ್ಲ. ‘ಅಳೋಕಾದ್ರೂ ಆಗಿದ್ರೆ ಚೆನ್ನಾಗಿತ್ತು ಪುಟ್ಟಿ’ ಅಂತ ಒಂದು ದಿನ ಅಂದಳು. ನಾವೇನು ಹೇಳ್ತಿದ್ವಿ ಗೊತ್ತಾ? ‘ಮನಸ್ಸು ಗಟ್ಟಿ ಮಾಡ್ಕೋ’, ‘ನಿನಗೇನು ಕಡಿಮೆಯಾಗಿದೆ?’, ‘ಧ್ಯಾನ ಮಾಡು’! ಕಾಲು ಮುರಿದುಕೊಂಡವಳಿಗೆ ಎದ್ದು ಓಡು ಅಂದ ಹಾಗೆ.

ಡಾಕ್ಟರ್ ಹತ್ತಿರ ಕರ್ಕೊಂಡು ಹೋದಾಗಲೇ ಎಂಟು ತಿಂಗಳಾಗಿತ್ತು. ಮೊದಲ ಮಾತ್ರೆ ಎರಡು ತಿಂಗಳು ಕೊಟ್ಟರು, ಏನೂ ಆಗಲಿಲ್ಲ. ಎರಡನೆಯದಕ್ಕೆ ಸ್ವಲ್ಪ ನಿದ್ದೆ ಬಂತು, ಮನಸ್ಸು ಹಾಗೇ ಇತ್ತು. ಮೂರನೆಯದೂ ಅಷ್ಟೇ. ಆಗಲೇ ಆ ಮಾತು ಬಂದಿದ್ದು.

ಮಾತ್ರೆ ನಾಟದಿದ್ದರೆ...

ಖಿನ್ನತೆಗೆ ಮಾತ್ರೆ ತಗೊಂಡ ಎಲ್ಲರಿಗೂ ಗುಣವಾಗುತ್ತೆ ಅಂತ ನಾನಂದುಕೊಂಡಿದ್ದೆ. ಹಾಗೇನಿಲ್ಲ. ಅಮೆರಿಕದಲ್ಲಿ ಸುಮಾರು 4,000 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ‘ಸ್ಟಾರ್-ಡಿ’ ಅನ್ನೋ ಅಧ್ಯಯನದಲ್ಲಿ ಮೊದಲ ಔಷಧದಿಂದ ಪೂರ್ತಿ ಚೇತರಿಸಿಕೊಂಡವರು ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ಮಾತ್ರ. ಉಳಿದವರಲ್ಲಿ ಕೆಲವರಿಗೆ ಎರಡನೆಯದು ನಾಟಿತು. ಮೂರು, ನಾಲ್ಕನೇ ಔಷಧದ ಹೊತ್ತಿಗೆ ಗುಣವಾಗುವವರ ಸಂಖ್ಯೆ ಇನ್ನೂ ಇಳಿದಿತ್ತು. ಎರಡು ಬೇರೆ ಬೇರೆ ಔಷಧಗಳನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ವಾರ ಕೊಟ್ಟ ಮೇಲೂ ಕಾಯಿಲೆ ಜಗ್ಗದಿದ್ದರೆ ಅದನ್ನು ಚಿಕಿತ್ಸೆಗೆ ಬಗ್ಗದ ಖಿನ್ನತೆ ಅಂತ ಮನೋವೈದ್ಯರು ಕರೀತಾರೆ.

ಇಲ್ಲಿ ‘ಸರಿಯಾದ ಪ್ರಮಾಣ’, ‘ಸಾಕಷ್ಟು ವಾರ’ ಅನ್ನೋ ಮಾತುಗಳನ್ನು ಸ್ವಲ್ಪ ಗಮನಿಸಿ. ನಮ್ಮ ಹೆಂಗಸರು ಏನು ಮಾಡ್ತಾರೆ? ನಿದ್ದೆ ಬರುತ್ತೆ, ಬೆಳಗ್ಗೆ ಡಬ್ಬಿ ಕಟ್ಟೋಕೆ ಏಳೋಕಾಗಲ್ಲ ಅಂತ ಮಾತ್ರೆ ಅರ್ಧ ಮುರೀತಾರೆ. ದಪ್ಪ ಆಗ್ತೀನಿ ಅಂತ ಬಿಟ್ಟುಬಿಡ್ತಾರೆ. ಹದಿನೈದು ದಿನ ನೋಡಿ ‘ಏನೂ ಪ್ರಯೋಜನ ಇಲ್ಲ’ ಅಂತ ಡಾಕ್ಟರನ್ನೇ ಬದಲಾಯಿಸ್ತಾರೆ. ಈ ಮಾತ್ರೆಗಳು ತಲೆನೋವಿನ ಗುಳಿಗೆ ಥರ ಅಲ್ಲ, ಪರಿಣಾಮ ಗೊತ್ತಾಗೋಕೆ ನಾಲ್ಕಾರು ವಾರ ಬೇಕು. ಥೈರಾಯ್ಡ್ ಕಡಿಮೆ ಇದ್ದರೂ ಮನಸ್ಸು ಮಂಕಾಗುತ್ತೆ. ರಕ್ತಹೀನತೆ, ಬಿ12 ಕೊರತೆ ಇದ್ದರೂ ಮೈಮನಸ್ಸು ಸೋತುಹೋಗುತ್ತೆ. ಆದ್ದರಿಂದ ಮಾತ್ರೆ ನಾಟಲಿಲ್ಲ ಅನ್ನುವ ಮೊದಲು ಇವನ್ನೆಲ್ಲ ನೋಡಬೇಕು. ನೋಡಿಯೂ ಆಯ್ತು, ಔಷಧ ಸರಿಯಾಗಿ ತಗೊಂಡೂ ಆಯ್ತು, ಆದರೂ ಕಾಯಿಲೆ ಹೋಗಿಲ್ಲ ಅಂದಾಗ ವೈದ್ಯರ ಮುಂದೆ ಉಳಿಯುವ ದಾರಿಗಳಲ್ಲಿ ಒಂದು ಈ ‘ಇಸಿಟಿ’. ನಾವು ಹೇಳೋ ಶಾಕ್ ಟ್ರೀಟ್‌ಮೆಂಟ್.

ನಮಗದು ಗೊತ್ತಿರಲಿಲ್ಲ. ಅಮ್ಮ ಹರಕೆ ಹೊತ್ತಳು. ದೊಡ್ಡಮ್ಮ ತಾಯತ ತಂದಳು. ಯಾರೋ ಹೇಳಿದ್ರು ಅಂತ ನಾನೇ ಒಂದು ಲೇಹ್ಯ ತಂದುಕೊಟ್ಟೆ. ಮೂರು ತಿಂಗಳು ಹೀಗೇ ಕಳೀತು. ಒಂದು ರಾತ್ರಿ ಅಕ್ಕ, ತಾನಿಲ್ಲದಿದ್ದರೆ ಎಲ್ಲರಿಗೂ ನೆಮ್ಮದಿ ಅಂತ ತೀರ್ಮಾನ ಮಾಡಿಬಿಟ್ಟಳು. ವಿವರ ಬೇಡ. ಭಾವನಿಗೆ ಎಚ್ಚರವಾಗಿದ್ದರಿಂದ ಇವತ್ತು ನಮ್ಮ ಜೊತೆ ಇದ್ದಾಳೆ. ಐಸಿಯು ಹೊರಗಿನ ಬೆಂಚಿನ ಮೇಲೆ ಕೂತಿದ್ದಾಗ ನನಗೆ ನೆನಪಾಗ್ತಿದ್ದದ್ದು ನಾನೇ ಆಡಿದ್ದ ಮಾತು: ‘ಬೇರೆ ಮಾತ್ರೆ ಇದ್ರೆ ಬರೆದುಕೊಡಿ.’

ಆ ಕೋಣೆಯೊಳಗೆ ನಡೆಯೋದೇನು?

ಎರಡನೇ ಆಸ್ಪತ್ರೆಯಲ್ಲಿ ಒಬ್ಬ ಲೇಡಿ ಡಾಕ್ಟರ್ ಸಿಕ್ಕಿದ್ರು. ಅರ್ಧ ಗಂಟೆ ಕೂರಿಸಿಕೊಂಡು, ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದ್ರು. ಮೊದಲ ಸಲವೇ ಯಾರಾದ್ರೂ ಹೀಗೆ ಹೇಳಿದ್ದರೆ ನಾನು ಅಷ್ಟು ಹಾರಾಡ್ತಿರಲಿಲ್ಲವೇನೋ.

ನಮ್ಮ ತಲೆಯಲ್ಲಿರೋದು ಸಿನಿಮಾ ದೃಶ್ಯ. ಕೈಕಾಲು ಕಟ್ಟಿ, ನಾಲ್ಕು ಜನ ಅದುಮಿ ಹಿಡಿದು, ಕಿರುಚಾಡೋ ರೋಗಿಗೆ ಕರೆಂಟ್ ಕೊಡೋದು. ಇದು ಪೂರ್ತಿ ಸುಳ್ಳೇನಲ್ಲ. 1938ರಲ್ಲಿ ರೋಮ್ ನಗರದಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಅನ್ನೋ ವೈದ್ಯರು ಈ ಚಿಕಿತ್ಸೆ ಶುರು ಮಾಡಿದಾಗ ಅರಿವಳಿಕೆ ಇರಲಿಲ್ಲ. ಫಿಟ್ಸ್ ಬಂದಾಗ ಮೈ ಸೆಟೆದುಕೊಂಡು ಮೂಳೆ ಮುರಿದದ್ದೂ ಉಂಟು. ನಮ್ಮ ದೇಶದ ಕೆಲವು ಕಡೆ ಅರಿವಳಿಕೆ ಇಲ್ಲದೆ ಕೊಡೋ ಪದ್ಧತಿ ದಶಕಗಟ್ಟಲೆ ಉಳಿದಿತ್ತು. ಜನರ ಭಯಕ್ಕೆ ಕಾರಣ ಇತ್ತು ಅನ್ನೋದನ್ನು ಒಪ್ಪಿಕೊಳ್ಳೋಣ. ಆದರೆ ಈಗ ಹಾಗೆ ಕೊಡೋದು ಕಾನೂನಿಗೇ ವಿರುದ್ಧ. 2017ರ ಮಾನಸಿಕ ಆರೋಗ್ಯ ಕಾಯ್ದೆ, 2018ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಎರಡೂ ಇಲ್ಲದೆ ಇಸಿಟಿ ಕೊಡುವಂತಿಲ್ಲ ಅಂತ ಅದು ಸ್ಪಷ್ಟವಾಗಿ ಹೇಳುತ್ತೆ.

ಹಾಗಾದ್ರೆ ಈಗ ಹೇಗೆ? ಸಿಸೇರಿಯನ್‌ಗೋ ಗರ್ಭಕೋಶದ ಆಪರೇಷನ್‌ಗೋ ಹೋಗಿದ್ದವರಿಗೆ ಅರ್ಧ ಭಾಗ ಗೊತ್ತಿರೋದೇ. ಹಿಂದಿನ ರಾತ್ರಿಯಿಂದ ಏನೂ ತಿನ್ನುವಂತಿಲ್ಲ. ಬೆಳಗ್ಗೆ ಕೈಗೆ ಸೂಜಿ ಚುಚ್ಚಿ, ಮೂಗಿಗೆ ಆಕ್ಸಿಜನ್ ಇಟ್ಟು, ಅರಿವಳಿಕೆ ಡಾಕ್ಟರ್ ನಿದ್ದೆ ಬರಿಸ್ತಾರೆ. ಆಮೇಲೆ ಸ್ನಾಯು ಸಡಿಲವಾಗೋ ಇಂಜೆಕ್ಷನ್. ಹಲ್ಲು, ನಾಲಿಗೆಗೆ ಪೆಟ್ಟಾಗದಂತೆ ಬಾಯಿಗೆ ಮೆತ್ತನೆಯ ರಬ್ಬರ್ ಇಡ್ತಾರೆ. ನಂತರ ಹಣೆಯ ಪಕ್ಕದಿಂದ ಯಂತ್ರದ ಮೂಲಕ ಅಳೆದ ವಿದ್ಯುತ್ತನ್ನು ಕೆಲವೇ ಸೆಕೆಂಡು ಹಾಯಿಸ್ತಾರೆ. ಅದರಿಂದ ಮಿದುಳಿನಲ್ಲಿ ಒಂದು ಫಿಟ್ಸ್ ಬಂದು, ಸಾಮಾನ್ಯವಾಗಿ ಒಂದು ನಿಮಿಷದೊಳಗೆ ನಿಲ್ಲುತ್ತೆ. ಗುಣ ಕೊಡೋದು ಕರೆಂಟಲ್ಲ, ಆ ಫಿಟ್ಸ್. ಮೈ ಸಡಿಲವಾಗಿರೋದರಿಂದ ಹೊರಗೆ ಏನೂ ಕಾಣಲ್ಲ. ಅದಕ್ಕೇ ಬಿಪಿ ನೋಡೋ ಪಟ್ಟಿಯನ್ನು ಒಂದು ಕಾಲಿಗೋ ಕೈಗೋ ಬಿಗಿದು, ಔಷಧ ಅಲ್ಲಿಗೆ ಹೋಗದ ಹಾಗೆ ಮಾಡಿರ್ತಾರಂತೆ. ಫಿಟ್ಸ್ ಬಂತು ಅಂತ ಗೊತ್ತಾಗೋದು ಆ ಬೆರಳುಗಳು ಅಲುಗಾಡೋದರಿಂದ ಮತ್ತು ಮಿದುಳಿನ ಅಲೆ ತೋರಿಸೋ ಯಂತ್ರದಿಂದ!

‘ಇಷ್ಟೇನಾ?’ ಅಂದೆ ನಾನು. ಅವರು ನಕ್ಕರು.

ವಾರಕ್ಕೆ ಎರಡು ಅಥವಾ ಮೂರು ಸಲದಂತೆ ಒಟ್ಟು ಆರರಿಂದ ಹನ್ನೆರಡು ಸಲ ಕೊಡೋದು ವಾಡಿಕೆ. ಇದರಿಂದ ಮಿದುಳಿನಲ್ಲಿ ಏನೇನು ಬದಲಾಗುತ್ತೆ ಅಂತ ಪೂರ್ತಿ ಬಿಡಿಸಿ ಹೇಳೋಕೆ ವಿಜ್ಞಾನಕ್ಕೆ ಇನ್ನೂ ಆಗಿಲ್ಲ. ಆದರೆ ಕೆಲಸ ಮಾಡುತ್ತೆ ಅನ್ನೋದಕ್ಕೆ ಆಧಾರ ಗಟ್ಟಿಯಾಗಿದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರೇ ಇಸಿಟಿಯನ್ನೂ ಆಗಿನ ಮುಖ್ಯ ಔಷಧವಾಗಿದ್ದ ಇಮಿಪ್ರಮಿನ್ ಮಾತ್ರೆಯನ್ನೂ ಹೋಲಿಸಿ ನೋಡಿ 1982ರಲ್ಲೇ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಅವರಲ್ಲಿ ಒಬ್ಬರಾದ ಡಾ. ಬಿ.ಎನ್. ಗಂಗಾಧರ್ ಮುಂದೆ ಆ ಸಂಸ್ಥೆಯ ನಿರ್ದೇಶಕರೂ ಆದರು. 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿದ ದೊಡ್ಡ ವಿಮರ್ಶೆಯೂ ತೀವ್ರ ಖಿನ್ನತೆಯಲ್ಲಿ ಇಸಿಟಿ ಔಷಧಗಳಿಗಿಂತ ಹೆಚ್ಚು ಪರಿಣಾಮಕಾರಿ ಅಂದಿತು. ಮಾತ್ರೆಗಳು ಸೋತವರಲ್ಲೂ ಸುಮಾರು ಅರ್ಧದಷ್ಟು ಜನ ಇದರಿಂದ ಚೇತರಿಸಿಕೊಳ್ತಾರೆ. ಅರ್ಧ ಅಂದ್ರೆ ಎಲ್ಲರೂ ಅಲ್ಲ, ನಿಜ. ಆದರೆ ಎಲ್ಲ ಬಾಗಿಲು ಮುಚ್ಚಿದವರಿಗೆ ಅರ್ಧ ಸಣ್ಣದೇ?

ಅಕ್ಕನಿಗೆ ಎಂಟು ಸಲ ಆಯ್ತು. ನಾಲ್ಕನೆಯದು ಮುಗಿದ ಮಾರನೇ ದಿನ ಫ್ಲಾಸ್ಕ್‌ನಿಂದ ಕಾಫಿ ಬಗ್ಗಿಸಿ ಕೊಟ್ಟೆ. ಒಂದು ಗುಟುಕು ಕುಡಿದು ಮುಖ ಸಿಂಡರಿಸಿ, ‘ಏನೇ ಇದು, ಪಾನಕ ಮಾಡಿದ್ದೀಯಾ?’ ಅಂದಳು. ಒಂದೂವರೆ ವರ್ಷದಿಂದ ಉಪ್ಪಿಲ್ಲದ ಸಾರು ಬಡಿಸಿದರೂ ಕೇಳದೆ ಇದ್ದವಳು! ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮರೆವಿನ ಮಾತು ಮುಚ್ಚಿಡಬಾರದು

ಇಲ್ಲಿಗೇ ಕಥೆ ಮುಗಿಸಿದ್ರೆ ನಿಮಗೆ ಮೋಸ ಮಾಡಿದ ಹಾಗಾಗುತ್ತೆ. ಪ್ರತಿ ಸಲ ಎದ್ದ ಮೇಲೆ ಅಕ್ಕನಿಗೆ ತಲೆನೋವು, ದವಡೆ ನೋವು ಇರ್ತಿತ್ತು. ಅರ್ಧ ಮುಕ್ಕಾಲು ಗಂಟೆ ‘ಇದೆಲ್ಲಿದ್ದೀನಿ?’ ಅಂತ ಕೇಳೋಳು. ಅದೆಲ್ಲ ಸಂಜೆಯೊಳಗೆ ಸರಿಯಾಗ್ತಿತ್ತು. ಸರಿಯಾಗದೆ ಉಳಿದದ್ದು ನೆನಪಿನ ವಿಷಯ.

ಚಿಕಿತ್ಸೆಗೆ ನಾಲ್ಕು ತಿಂಗಳ ಮುಂಚೆ ನಮ್ಮ ತಮ್ಮನ ಮನೆ ಗೃಹಪ್ರವೇಶವಾಗಿತ್ತು. ಅಕ್ಕನನ್ನೂ ಕರ್ಕೊಂಡು ಹೋಗಿದ್ವಿ. ಆಲ್ಬಮ್‌ನಲ್ಲಿ ಹಸಿರು ರೇಷ್ಮೆ ಸೀರೆ ಉಟ್ಟು ಹೊಸ್ತಿಲ ಹತ್ತಿರ ನಿಂತಿದ್ದಾಳೆ. ಅವಳಿಗೆ ಆ ದಿನದ್ದು ಒಂದೇ ಒಂದು ಚೂರೂ ನೆನಪಿಲ್ಲ. ‘ನಾನು ಹೋಗಿದ್ನಾ?’ ಅಂತ ಫೋಟೋ ಮೇಲೆ ಬೆರಳಾಡಿಸ್ತಾ ಕಣ್ಣೀರು ಹಾಕಿದಳು. ಚಿಕಿತ್ಸೆಯ ವಾರಗಳದ್ದಂತೂ ಬರೀ ಮಬ್ಬು. ಮಗಳ ಹುಟ್ಟು, ಮದುವೆ, ಅಜ್ಜಿಯ ಕೈರುಚಿ, ಎಲ್ಲ ನೆನಪಿದೆ. ಹೊಸದು ಕಲಿಯೋಕೂ ಈಗ ತೊಂದರೆ ಇಲ್ಲ. ಆದರೆ ಆ ಗೃಹಪ್ರವೇಶ ವಾಪಸ್ ಬರಲಿಲ್ಲ.

ಖಿನ್ನತೆಯೇ ನೆನಪನ್ನು ಮಸುಕು ಮಾಡುತ್ತೆ, ಎಲ್ಲವನ್ನೂ ಇಸಿಟಿ ತಲೆಗೆ ಕಟ್ಟೋಕಾಗಲ್ಲ ಅಂತಾರೆ ವೈದ್ಯರು. ಸಾಮಾನ್ಯವಾಗಿ ಬಹುಪಾಲು ನೆನಪು ವಾರ, ತಿಂಗಳುಗಳಲ್ಲಿ ಮರಳುತ್ತೆ ಅಂತಲೂ ಹೇಳ್ತಾರೆ. ಆದರೆ ಕೆಲವರಿಗೆ ಕೆಲವು ನೆನಪು ಶಾಶ್ವತವಾಗಿ ಹೋಗೋದೂ ಇದೆ. ತಲೆಯ ಒಂದೇ ಬದಿಗೆ ಕೊಟ್ಟರೆ, ವಿದ್ಯುತ್ತನ್ನು ಇನ್ನೂ ಸಣ್ಣ ಸಣ್ಣ ತುಣುಕಾಗಿ ಹಾಯಿಸಿದರೆ ಮರೆವು ಕಡಿಮೆ. ಹೀಗಿರುವಾಗ ‘ಏನೂ ಆಗಲ್ಲಮ್ಮ, ಸುಮ್ನೆ ಹೆದರ್ಕೋಬೇಡಿ’ ಅಂತ ಯಾರಾದ್ರೂ ಒಂದೇ ಮಾತಿನಲ್ಲಿ ಮುಗಿಸಿದ್ರೆ ಅದನ್ನು ಒಪ್ಪಬೇಡಿ. ಏನಾಗಬಹುದು ಅಂತ ಕೇಳಿ ತಿಳಿದುಕೊಳ್ಳೋದು ನಿಮ್ಮ ಹಕ್ಕು.

ಜೀವಕ್ಕೆ ಅಪಾಯವೇ ಅಂತ ಕೇಳ್ತೀರಾ? ತೀರಾ ಅಪರೂಪ. ಲಕ್ಷ ಸಲ ಇಸಿಟಿ ಕೊಟ್ಟರೆ ಸುಮಾರು ಎರಡು ಸಾವು ಅನ್ನೋ ಲೆಕ್ಕ ಇದೆ. ಆದರೆ ಹೃದಯದ ತೊಂದರೆ, ಬಿಪಿ, ಹಿಂದೆ ತಲೆಗೆ ಪೆಟ್ಟು ಬಿದ್ದದ್ದು ಏನಿದ್ದರೂ ಮೊದಲೇ ಹೇಳಬೇಕು.

ಇನ್ನೊಂದು ವಿಷಯ. ಎಂಟು ಸಲ ಮುಗೀತು, ಇನ್ನೇನು ಮಾತ್ರೆ ಬೇಡ ಅಂತ ಖುಷಿಯಲ್ಲಿ ಬಿಟ್ಟುಬಿಟ್ಟೀರಿ ಜೋಕೆ! 2001ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಇಸಿಟಿಯಿಂದ ಗುಣವಾದವರಿಗೆ ಮುಂದೆ ನಿಜವಾದ ಔಷಧ ಕೊಡದೇ ಇದ್ದಾಗ ಆರೇ ತಿಂಗಳಲ್ಲಿ ನೂರಕ್ಕೆ 84 ಮಂದಿಗೆ ಕಾಯಿಲೆ ಮರುಕಳಿಸಿತ್ತು. ಎರಡು ಔಷಧ ಜೊತೆಯಾಗಿ ಕೊಟ್ಟವರಲ್ಲಿ ಅದು 39ಕ್ಕೆ ಇಳಿದಿತ್ತು. ಅಕ್ಕ ಇವತ್ತಿಗೂ ರಾತ್ರಿ ಊಟ ಆದ ಮೇಲೆ ಮಾತ್ರೆ ತಗೋತಾಳೆ. ಭಾವ ಬಿಪಿಗೆ ತಗೋತಾರೆ, ಇವಳು ಮನಸ್ಸಿಗೆ. ಇಬ್ಬರದ್ದೂ ಒಂದೇ ಡಬ್ಬಿ!

ಅವಳನ್ನು ಯಾರಾದ್ರೂ ಕೇಳಿದ್ರಾ?

ಈಗ ನನ್ನನ್ನು ಇಂದಿಗೂ ಚುಚ್ಚೋ ಸಂಗತಿಗೆ ಬರ್ತೀನಿ. ಆ ಲೇಡಿ ಡಾಕ್ಟರ್ ನಮಗೆಲ್ಲ ವಿವರಿಸಿ ಆದ ಮೇಲೆ ನಮ್ಮನ್ನು ಹೊರಗೆ ಕಳಿಸಿ ಅಕ್ಕನ ಜೊತೆ ಒಬ್ಬರೇ ಮಾತಾಡಿದ್ರು. ಹತ್ತು ನಿಮಿಷ ಬಿಟ್ಟು ಒಳಗೆ ಕರೆದಾಗ ಅಕ್ಕ ತಾನೇ ನಿಧಾನವಾಗಿ ಹೇಳಿದಳು: ‘ನನಗೆ ಆಗಲೇ ಒಪ್ಪಿಗೆ ಇತ್ತು. ನೀವ್ಯಾರೂ ಕೇಳಲಿಲ್ಲ.’

ಎಷ್ಟು ನಿಜ! ಆ ಮೊದಲ ದಿನ ನಾನು ಕೂಗಾಡಿದೆ, ಅಮ್ಮ ಬೇಡ ಅಂದಳು, ಭಾವ ಸುಮ್ಮನಿದ್ದರು. ಪಕ್ಕದಲ್ಲೇ ಕೂತಿದ್ದ ರೋಗಿಯ ಕಡೆ ಒಬ್ಬರಾದ್ರೂ ತಿರುಗಿ ‘ನಿನಗೇನನ್ನಿಸುತ್ತೆ?’ ಅಂದ್ವಾ? ಸೀರೆಯ ಬಣ್ಣದಿಂದ ಹಿಡಿದು ಆಪರೇಷನ್‌ವರೆಗೂ ಹೆಂಗಸಿನ ಪರವಾಗಿ ಬೇರೆಯವರೇ ತೀರ್ಮಾನ ಮಾಡೋದು ನಮ್ಮ ಮನೆಗಳಲ್ಲಿ ಹೊಸದಲ್ಲ. ಅವಳಿಗೆ ಮನಸ್ಸಿನ ಕಾಯಿಲೆ ಅಂದ ಕೂಡಲೇ ಅವಳಿಗೆ ಬಾಯಿಯೇ ಇಲ್ಲ ಅಂದುಕೊಂಡುಬಿಡ್ತೀವಿ.

ಕಾನೂನು ಹಾಗೆ ಹೇಳಲ್ಲ. ತಿಳಿದು ನಿರ್ಧಾರ ಮಾಡೋ ಶಕ್ತಿ ರೋಗಿಗಿದ್ದರೆ, ಅವಳಿಗೆ ವಿವರಿಸಿ ಅವಳ ಒಪ್ಪಿಗೆಯನ್ನೇ ಪಡೆಯಬೇಕು. ಅವಳು ಬೇಡ ಅಂದರೆ ಬೇಡ. ತುರ್ತು ಚಿಕಿತ್ಸೆ ಅನ್ನೋ ನೆಪದಲ್ಲೂ ಇಸಿಟಿ ಕೊಡುವಂತಿಲ್ಲ. ಹದಿನೆಂಟು ತುಂಬದ ಮಕ್ಕಳಿಗೆ ಕೊಡಬಾರದು ಅನ್ನೋದೇ ನಿಯಮ. ಅನಿವಾರ್ಯ ಅಂತ ಮನೋವೈದ್ಯರಿಗೆ ಅನ್ನಿಸಿದರೂ ಪೋಷಕರ ಒಪ್ಪಿಗೆಯ ಜೊತೆಗೆ ಮಾನಸಿಕ ಆರೋಗ್ಯ ಪುನರ್‌ವಿಮರ್ಶಾ ಮಂಡಳಿಯ ಅನುಮತಿ ಬೇಕು. ನಾಳೆ ನನಗೇ ಮನಸ್ಸಿನ ಕಾಯಿಲೆ ಬಂದು ನಿರ್ಧಾರ ಮಾಡೋಕೆ ಆಗದೇ ಹೋದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನನ್ನ ಪರವಾಗಿ ಯಾರು ಮಾತಾಡಬೇಕು ಅಂತ ಚೆನ್ನಾಗಿರುವಾಗಲೇ ಬರೆದಿಡುವುದಕ್ಕೂ ಅದೇ ಕಾಯ್ದೆಯಲ್ಲಿ ಅವಕಾಶ ಇದೆ. ಮೈಯ ಕಾಯಿಲೆಗೆ ಸಿಗೋ ಆರೋಗ್ಯ ವಿಮೆ ಮನಸ್ಸಿನ ಕಾಯಿಲೆಗೂ ಅದೇ ರೀತಿ ಸಿಗಬೇಕು ಅಂತಲೂ ಇದೆ.

ನಾಲ್ಕು ಜನ ಏನಂತಾರೆ?

ಅಂತಾರೆ. ನಮಗೂ ಅಂದರು. ‘ಕರೆಂಟ್ ಕೊಡಿಸಿದ್ರಂತೆ’ ಅಂತ ಮದುವೆ ಮನೆಯಲ್ಲಿ ಪಿಸುಗುಟ್ಟಿದ್ರು. ಅಕ್ಕ ಜೋರಾಗಿ ನಕ್ಕರೂ ಅನುಮಾನ, ಸುಮ್ಮನೆ ಕೂತರೂ ಅನುಮಾನ. ನಮ್ಮಮ್ಮನ ತಲೆಮಾರಿನವರಿಗೆ ‘ಶರಪಂಜರ’ ನೆನಪಿರಬೇಕು. ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1971ರಲ್ಲಿ ಸಿನಿಮಾ ಮಾಡಿದ್ರು. ಕಲ್ಪನಾ ಮಾಡಿದ ಕಾವೇರಿಯ ಪಾತ್ರ ಆಸ್ಪತ್ರೆಯಿಂದ ಗುಣವಾಗಿಯೇ ಮನೆಗೆ ಬರುತ್ತೆ. ಅವಳನ್ನು ಮತ್ತೆ ಅಲ್ಲಿಗೇ ನೂಕೋದು ಮನೆಯವರ, ನೆರೆಹೊರೆಯವರ ನೋಟ. ಐವತ್ತು ವರ್ಷ ದಾಟಿದರೂ ನಾವು ಆ ಸಿನಿಮಾ ನೋಡಿ ಅಳ್ತೀವಿ, ಎದ್ದು ಬಂದು ಅದೇ ನೋಟ ನೋಡ್ತೀವಿ. ಅಮ್ಮನಿಗೆ ನಾನು ಇದನ್ನೇ ಹೇಳಿದೆ. ಅವತ್ತಿನಿಂದ ಯಾರಾದ್ರೂ ಕೇಳಿದ್ರೆ ಅಮ್ಮ ‘ಹೌದು, ಕೊಡಿಸಿದ್ವಿ. ಮಗಳು ಉಳಿದಳು’ ಅಂತ ನೇರವಾಗಿ ಹೇಳ್ತಾಳೆ. ಪಿಸುಮಾತು ಅಲ್ಲಿಗೇ ನಿಲ್ಲುತ್ತೆ.

ಕರೆಂಟಿನಿಂದ ಹೋಗದ ನೋವೂ ಇದೆ

ಹಾಗಂತ ಅತ್ತ ಎಲ್ಲರಿಗೂ ಇಸಿಟಿ ಕೊಡಿಸಿ ಅಂತ ನಾನು ಹೇಳ್ತಿಲ್ಲ. ದಿನಾ ಹೊಡೆಸಿಕೊಳ್ಳೋಳು, ವರದಕ್ಷಿಣೆಗೆ ಮಾತು ಕೇಳೋಳು, ಕೈಯಲ್ಲಿ ಹತ್ತು ರೂಪಾಯಿಯೂ ಇಲ್ಲದೆ ಒದ್ದಾಡೋಳು ಕುಗ್ಗಿ ಹೋದರೆ ಮೊದಲು ಸರಿಯಾಗಬೇಕಾದ್ದು ಮನೆ. ಎದುರು ಮಾತಾಡೋ ಸೊಸೆಗೆ ‘ತಲೆ ಸರಿಯಿಲ್ಲ’ ಅಂತ ಪಟ್ಟ ಕಟ್ಟೋ ಮನೆಗಳೂ ಇವೆ. ಅಂಥ ಕಡೆ ಚಿಕಿತ್ಸೆ ಶಿಕ್ಷೆಯಾಗಬಾರದು. ಹಗುರ, ಮಧ್ಯಮ ಮಟ್ಟದ ಖಿನ್ನತೆಗೆ ಆಪ್ತಸಮಾಲೋಚನೆ, ಮಾತ್ರೆ ಇವೇ ಮೊದಲ ಮೆಟ್ಟಿಲು.

ಇಸಿಟಿಯ ಮಾತು ಬರೋದು ಕಾಯಿಲೆ ತೀವ್ರವಾಗಿದ್ದಾಗ: ಊಟ ನೀರು ಬಿಟ್ಟಾಗ, ಜೀವ ಕಳಕೊಳ್ಳೋ ಯೋಚನೆ ಬಲವಾದಾಗ, ಇಲ್ಲದ ದನಿ ಕೇಳಿಸಿದಾಗ, ಮಾತ್ರೆಗಳು ಒಂದಾದ ಮೇಲೊಂದು ಸೋತಾಗ. ಹೆರಿಗೆಯ ನಂತರ ತಾಯಿಯ ಮನಸ್ಸು ತೀವ್ರವಾಗಿ ಕದಡಿದಾಗಲೂ ಇದನ್ನು ಬಳಸೋದುಂಟು. ಬಾಣಂತಿಯನ್ನು ‘ದೃಷ್ಟಿಯಾಗಿದೆ’ ಅಂತ ಕೋಣೆಯಲ್ಲಿ ಕೂಡಿಹಾಕಬೇಡಿ. ಮಗುವಿನ ಸಮೇತ ದಾಖಲು ಮಾಡಿಕೊಳ್ಳೋ ತಾಯಿ-ಮಗು ವಿಭಾಗ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ.

ಬೇರೆ ದಾರಿಗಳೂ ಈಗ ಬಂದಿವೆ. ಅರಿವಳಿಕೆ ಇಲ್ಲದೆ ಅಯಸ್ಕಾಂತದ ಶಕ್ತಿಯಿಂದ ಮಾಡೋ ‘ಆರ್‌ಟಿಎಂಎಸ್’, ಡ್ರಿಪ್‌ನಲ್ಲಿ ಕೊಡೋ ಕೆಟಮಿನ್ ಇತ್ಯಾದಿ. 2022ರ ಸ್ವೀಡನ್ ಅಧ್ಯಯನವೊಂದರಲ್ಲಿ ಕೆಟಮಿನ್‌ಗಿಂತ ಇಸಿಟಿ ಮೇಲಾಯ್ತು. 2023ರಲ್ಲಿ ಅಮೆರಿಕದಿಂದ ಬಂದ ಇನ್ನೊಂದರಲ್ಲಿ, ಭ್ರಮೆಯ ಲಕ್ಷಣವಿಲ್ಲದ ರೋಗಿಗಳಿಗೆ ಕೆಟಮಿನ್ ಏನೂ ಕಡಿಮೆಯಿಲ್ಲ ಅಂತ ಕಂಡಿತು. ಯಾರಿಗೆ ಯಾವುದು ಅನ್ನೋದನ್ನು ಪಕ್ಕದ ಮನೆಯವರಲ್ಲ, ನಾನೂ ಅಲ್ಲ, ರೋಗಿಯನ್ನು ನೋಡಿದ ಮನೋವೈದ್ಯರು ಅವಳ ಜೊತೆ ಕೂತು ನಿರ್ಧರಿಸಬೇಕು.

ಡಾಕ್ಟರನ್ನು ಇವಿಷ್ಟು ಕೇಳಿ

* ಇದುವರೆಗೆ ಕೊಟ್ಟ ಮಾತ್ರೆಗಳು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ವಾರ ಸಿಕ್ಕಿವೆಯೇ? ಥೈರಾಯ್ಡ್, ರಕ್ತ ಪರೀಕ್ಷೆ ಆಗಿದೆಯೇ?

* ಇಸಿಟಿಯೇ ಯಾಕೆ? ಬೇರೆ ದಾರಿಗಳನ್ನು ಯಾಕೆ ಬಿಟ್ಟಿರಿ?

* ಅರಿವಳಿಕೆ ಡಾಕ್ಟರ್ ಪ್ರತಿ ಸಲ ಇರ್ತಾರೆಯೇ?

* ಒಂದು ಬದಿಗೋ, ಎರಡೂ ಬದಿಗೋ? ಒಟ್ಟು ಎಷ್ಟು ಸಲ? ಮಧ್ಯದಲ್ಲಿ ಬೇಡ ಅನ್ನಿಸಿದರೆ ನಿಲ್ಲಿಸಬಹುದೇ? (ನಿಲ್ಲಿಸಬಹುದು. ಒಪ್ಪಿಗೆಯನ್ನು ಯಾವಾಗ ಬೇಕಾದರೂ ವಾಪಸ್ ಪಡೆಯಬಹುದು.)

* ನೆನಪಿನ ಶಕ್ತಿಯನ್ನು ನಡುನಡುವೆ ಪರೀಕ್ಷೆ ಮಾಡ್ತೀರಾ?

* ಮುಗಿದ ಮೇಲೆ ಯಾವ ಔಷಧ, ಎಷ್ಟು ಕಾಲ?

ಮನೆಯವರಿಗೂ ಒಂದು ಕೆಲಸ ಇದೆ. ಚಿಕಿತ್ಸೆ ಶುರುವಾಗೋ ಮುನ್ನ ಒಂದು ನೋಟ್‌ಬುಕ್ ಇಡಿ. ಹಾಲಿನವನ ಲೆಕ್ಕ, ಬೀರು ಕೀ ಇಟ್ಟ ಜಾಗ, ಬ್ಯಾಂಕಿನ ಪಿನ್, ಆ ವಾರ ಬಂದುಹೋದವರ ಹೆಸರು ಬರೆದಿಡಿ. ಮರೆತಾಗ ‘ಅಷ್ಟೂ ನೆನಪಿಲ್ವಾ?’ ಅನ್ನಬೇಡಿ, ಪುಸ್ತಕ ಕೊಡಿ. ಆ ಕೆಲವು ವಾರ ಮುಖ್ಯ ಪತ್ರಗಳಿಗೆ ಸಹಿ ಹಾಕಿಸಬೇಡಿ, ಗಾಡಿ ಓಡಿಸೋಕೆ ಬಿಡಬೇಡಿ.

ಎಲ್ಲಿಂದ ಶುರು ಮಾಡೋದು ಅಂತ ತೋಚದಿದ್ದರೆ ಟೆಲಿ-ಮಾನಸ್ ಸಹಾಯವಾಣಿ ಇದೆ: 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸೇವೆ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ನಿಮ್ಮ ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗ, ಎಲ್ಲಿಗಾದ್ರೂ ಹೋಗಿ. ಜೀವ ಬೇಡ ಅನ್ನೋ ಮಾತು ಯಾರ ಬಾಯಲ್ಲಿ ಬಂದರೂ ‘ಸುಮ್ನೆ ಹೆದರಿಸ್ತಾಳೆ’ ಅನ್ನಬೇಡಿ. ಅವತ್ತೇ ಹೋಗಿ.

ಮೊನ್ನೆ ಇದನ್ನು ಬರೆದು ಅಕ್ಕನಿಗೆ ಓದಿ ಹೇಳಿದೆ. ಸೊಪ್ಪು ಬಿಡಿಸ್ತಾ ಪೂರ್ತಿ ಕೇಳಿಸಿಕೊಂಡಳು. ‘ಗೃಹಪ್ರವೇಶದ ವಿಷಯ ಹಾಕಿದ್ದು ಒಳ್ಳೇದಾಯ್ತು. ಅದನ್ನು ಮುಚ್ಚಿಟ್ಟು ಯಾರನ್ನೂ ಒಪ್ಪಿಸಬಾರದು’ ಅಂದಳು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, ‘ಆದ್ರೆ ಮತ್ತೆ ಹಾಗಾದ್ರೆ ನಾನು ಇದಕ್ಕೇ ಹೂಂ ಅಂತೀನಿ ಅಂತಲೂ ಬರಿ’ ಅಂದಳು.

ಬರೆದಿದ್ದೀನಿ. ಆ ಹೂಂ ಅಥವಾ ಊಹೂಂ ಹೇಳಬೇಕಾದವಳು ಅವಳೇ. ನಿಮ್ಮ ಮನೆಯಲ್ಲೂ ಅಂಥ ದಿನ ಬಂದರೆ, ನನ್ನ ಹಾಗೆ ಕೂಗಾಡುವ ಮೊದಲು ಪಕ್ಕದಲ್ಲಿ ಕೂತವಳ ಕಡೆ ಒಮ್ಮೆ ತಿರುಗಿ ಕೇಳ್ತೀರಲ್ಲ?